ಮನೆಯೊಳಗಿನ ಮೆಟ್ಟಿಲಿಗೆ ಯಾವ ಮರ? ಪುಣೆ, 16 ಮೆಟ್ಟಿಲು, ಕಬ್ಬಿಣದ ಚೌಕಟ್ಟು ರೆಡಿ ಇದೆ

ಬಾವಧನ್_ಗೂಡು (ಪುಣೆ)

ಎಲ್ಲರಿಗೂ ನಮಸ್ಕಾರ. ಬಾವಧನ್‌ನಲ್ಲಿ ಒಂದು ರೋ ಹೌಸ್ ತೆಗೆದುಕೊಂಡಿದ್ದೇವೆ. ಎಲ್ಲ ಕೆಲಸ ಒಂದು ಹಂತಕ್ಕೆ ಬಂತು, ಹಾಲ್‌ನಿಂದ ಮಾಳಿಗೆಗೆ ಹೋಗುವ ಮೆಟ್ಟಿಲು ಮಾತ್ರ ಅರ್ಧಕ್ಕೆ ನಿಂತಿದೆ. ಫ್ಯಾಬ್ರಿಕೇಟರ್ ಕಬ್ಬಿಣದ ಚೌಕಟ್ಟು ಕೂರಿಸಿ ಹೋದ. ಅದರ ಮೇಲೆ ಮರದ ಹಲಗೆ ಬರಬೇಕು. ಒಟ್ಟು 16 ಮೆಟ್ಟಿಲು. ಒಂದೊಂದೂ 3 ಅಡಿ ಉದ್ದ, 11 ಇಂಚು ಅಗಲ. ಮೆಟ್ಟಿಲಿನ ಎದುರು ಮುಖ ಮುಚ್ಚುವುದಿಲ್ಲ, ಆಚೆ ಬದಿ ಕಾಣುತ್ತೆ.

ಮರದ ವಿಷಯದಲ್ಲಿ ಮನೆಯಲ್ಲಿ ಮೂರು ಪಕ್ಷ ಆಗಿದೆ. ಇಂಟೀರಿಯರ್ ಮಾಡುವವರು ಓಕ್ ಅನ್ನುತ್ತಾರೆ. ಸುತಾರ, ಅಂದರೆ ಬಡಗಿ, ರಬ್ಬರ್ ವುಡ್ ಹಾಕಿಸಿ, ದುಡ್ಡು ಉಳಿಯುತ್ತೆ ಅನ್ನುತ್ತಾನೆ. ನಮ್ಮ ಮಾವನವರು ಧಾರವಾಡದಿಂದ ಫೋನ್ ಮಾಡಿ, ಸಾಗವಾನಿ ಬಿಟ್ಟು ಬೇರೆ ಏನು ಹಾಕಿಸಿದರೂ ತಾವು ಮೇಲೆ ಹತ್ತುವುದಿಲ್ಲ, ಹಾಸಿಗೆ ಕೆಳಗೇ ಹಾಸಿ ಅಂದಿದ್ದಾರೆ.

ಗಣಪತಿ ಹಬ್ಬ ಈಗಷ್ಟೇ ಮುಗಿದಿದೆ. ದೀಪಾವಳಿ ಪಾಡ್ಯಕ್ಕೆ ಗೃಹಪ್ರವೇಶ ಅಂತ ಲೆಕ್ಕ. ಗೊತ್ತಿದ್ದವರು ಹೇಳಿ.

ಡೊಂಬಿವಲಿ_ಲೋಕಲ್ (ಮುಂಬೈ)

ಅಕ್ಕ, ಮಾವನವರ ಪಕ್ಷ ಆಗಲೇ ಗೆದ್ದಾಗಿದೆ. ನೀವು ಸುಮ್ನೆ ಚುನಾವಣೆ ನಡೆಸುತ್ತಿದ್ದೀರಿ.

ತಮಾಷೆ ಬಿಡಿ. ರಬ್ಬರ್ ವುಡ್ ಬಗ್ಗೆ ಒಂದು ಮಾತು. ಮೀರಾ ರೋಡ್‌ನಲ್ಲಿ ನಮ್ಮ ಭಾವನ ಡುಪ್ಲೆಕ್ಸ್ ಮನೆ ಇದೆ. ಹಾಕಿದಾಗ ಬೆಣ್ಣೆ ಬಣ್ಣ, ನೋಡಲು ಬಹಳ ಚೆಂದ. ಕೆಲಸದವಳು ದಿನಾ ಬಕೆಟ್ ನೀರಲ್ಲಿ ಅದ್ದಿದ ಬಟ್ಟೆಯಲ್ಲಿ ಪೋಚಾ ಹೊಡೆದಳು. ಎರಡನೇ ಮಳೆಗಾಲದ ಹೊತ್ತಿಗೆ ತುಂಡುಗಳನ್ನು ಬೆರಳು ಹೆಣೆದಂತೆ ಸೇರಿಸಿದ ಫಿಂಗರ್ ಜಾಯಿಂಟ್‌ಗಳ ಹತ್ತಿರ ಕಪ್ಪು ಗೆರೆ. ಕೆಳಗಿನ ಎರಡು ಮೆಟ್ಟಿಲಿನ ತುದಿ ಉಬ್ಬಿತು. ನಮ್ಮ ಸುಳ್ಯ ಕಡೆ ರಬ್ಬರ್ ತೋಟ ಜಾಸ್ತಿ, ಹಾಲು ನಿಂತ ಮರ ಕಡಿದು ಮಾರುತ್ತಾರೆ. ಆದರೆ ಊರಿನಲ್ಲಿ ಯಾರೂ ಅದನ್ನು ಉಪ್ಪರಿಗೆ ಮೆಟ್ಟಿಲಿಗೆ ಹಾಕಿದ್ದು ನೋಡಿಲ್ಲ ಮಾರಾಯ್ರೇ.

ಫೋಂಡಾ_ಆಚಾರಿ (ಗೋವಾ)

ನಾನು ಕುಮಟಾ ಕಡೆಯವನು. ಫೋಂಡಾದಲ್ಲಿ ಮರಗೆಲಸ ಮಾಡಿಕೊಂಡಿದ್ದೇನೆ. ಹಳೇ ಗೋವಾ ಮನೆಗಳ ರಿಪೇರಿ ಜಾಸ್ತಿ ಬರುತ್ತೆ.

ರಬ್ಬರ್ ಮರದಲ್ಲಿ ಸಕ್ಕರೆ, ಪಿಷ್ಟ ಜಾಸ್ತಿ. ಔಷಧಿ ಕುಡಿಸದೆ ಇದ್ದರೆ ಕುಟ್ಟೆ ಹುಳ ಹಿಡಿಯುತ್ತೆ, ಬೂಸ್ಟು ಬರುತ್ತೆ. ಬೋರಾನ್ ಔಷಧಿ ಕೊಟ್ಟು ಭಟ್ಟಿಯಲ್ಲಿ ಒಣಗಿಸಿದ ಹಲಗೆ ಕುರ್ಚಿ, ಮೇಜಿಗೆ ಚೆನ್ನಾಗೇ ಬಾಳುತ್ತೆ. ಆದರೆ ಬೋರಾನ್ ನೀರಿನಲ್ಲಿ ಕರಗುವಂಥದ್ದು. ದಿನಾ ನೀರು ಬೀಳುವ ಜಾಗದಲ್ಲಿ ಅದನ್ನು ನಂಬಿ ಕೂರಲು ಆಗುವುದಿಲ್ಲ. ಮೆಟ್ಟಿಲಿಗೆ ನಾನಂತೂ ಕೊಡುವುದಿಲ್ಲ.

ಅಕ್ಕ, ಅಂಗಡಿಗೆ ಹೋದಾಗ ಮರದ ಹೆಸರು ಆಮೇಲೆ ಕೇಳಿ. ಮೊದಲು ಎಷ್ಟು ಒಣಗಿದೆ ಕೇಳಿ. ಒಣಗದ ಸಾಗವಾನಿಗಿಂತ ಚೆನ್ನಾಗಿ ಒಣಗಿದ ಹಲಸು ಮೇಲು. ಗಿರಾಕಿ ಹೆಸರಿಗೆ ದುಡ್ಡು ಕೊಡುತ್ತಾರೆ, ಅಂಗಡಿಯವನು ಹಸಿ ಮರ ಕೊಡುತ್ತಾನೆ. ಆಮೇಲೆ ಹಲಗೆ ಬಾಗಿದರೆ ಆಚಾರಿಗೆ ಬೈಗುಳ.

ಎರಡನೆಯದು ಚೇಗು. ತೇಗದ ಹೆಸರು ಇರುವುದು ಒಳಗಿನ ಕಂದು ಚೇಗಿನಿಂದ. ಅದರಲ್ಲಿ ಎಣ್ಣೆ ಅಂಶ ಇದೆ, ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. ಹೊರಗಿನ ಬಿಳಿ ಭಾಗಕ್ಕೆ ಆ ಗುಣ ಇಲ್ಲ. ತೇಗವೇ ಆದರೂ ಬಿಳಿ ಭಾಗಕ್ಕೆ ಹುಳ ಬೀಳುತ್ತೆ. ಪಾಲಿಶ್‌ನವನು ಸ್ಟೇನ್ ಹಚ್ಚಿ ಎರಡನ್ನೂ ಒಂದೇ ಬಣ್ಣ ಮಾಡಿಬಿಡುತ್ತಾನೆ. ಹಾಗಾಗಿ ಹಲಗೆಯನ್ನು ಪಾಲಿಶ್ ಆಗುವ ಮುಂಚೆಯೇ ನೋಡಿ ಆರಿಸಿ.

ಲೆಕ್ಕದ_ಪುಸ್ತಕ (ಪುಣೆ)

ಆಚಾರ್ರು ಹೇಳಿದ ಒಣಗಿನ ಮಾತಿಗೆ ಅಂಕಿ ಸೇರಿಸುತ್ತೇನೆ. ನಾನು ಸಿವಿಲ್ ಎಂಜಿನಿಯರ್, ಬಾಲೇವಾಡಿ ಕಡೆ ಇದ್ದೇನೆ.

ಮುಂಬೈ, ಗೋವಾದಲ್ಲಿ ತೇವ ಜಾಸ್ತಿ, ಅಲ್ಲಿ ಮರಕ್ಕೆ ಕಷ್ಟ, ಪುಣೆಯಲ್ಲಿ ಆರಾಮ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಕೊಳೆಯುವ ವಿಷಯಕ್ಕೆ ಅದು ನಿಜ. ಹಲಗೆ ಅಗಲಿಸುವ, ಕುಗ್ಗುವ ವಿಷಯಕ್ಕೆ ಪುಣೆಯೇ ಕಠಿಣ. ಕರಾವಳಿಯಲ್ಲಿ ವರ್ಷವಿಡೀ ಗಾಳಿಯಲ್ಲಿ ತೇವ ಇದ್ದೇ ಇರುತ್ತೆ, ಮರ ಅದಕ್ಕೆ ಒಗ್ಗಿಕೊಳ್ಳುತ್ತೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ತುಟಿ ಒಡೆಯುವಷ್ಟು ಒಣ ಗಾಳಿ, ಜುಲೈ-ಆಗಸ್ಟ್‌ನಲ್ಲಿ ಬಟ್ಟೆ ಒಣಗದಷ್ಟು ತೇವ. ಮರ ಎರಡೂ ಕಡೆ ಎಳೆದಾಡುತ್ತೆ.

ಹಸಿ ಸ್ಥಿತಿಯಿಂದ ಪೂರ್ತಿ ಒಣಗುವವರೆಗೆ ತೇಗದ ಹಲಗೆ ಅಗಲದಲ್ಲಿ ಸುಮಾರು 5.8 ಶೇಕಡಾ ಕುಗ್ಗುತ್ತೆ. ಬಿಳಿ ಓಕ್ 10.5 ಶೇಕಡಾ. ಇದು ಚಪ್ಪಟೆಯಾಗಿ ಕೊಯ್ದ ಹಲಗೆಯ ಲೆಕ್ಕ. ಈಗ ನಿಮ್ಮ 11 ಇಂಚು, ಅಂದರೆ 280 ಮಿಲಿಮೀಟರ್ ಹಲಗೆ ತೆಗೆದುಕೊಳ್ಳಿ. ಬೇಸಿಗೆಯಿಂದ ಮಳೆಗಾಲಕ್ಕೆ ಮರದೊಳಗಿನ ತೇವ 5 ಶೇಕಡಾ ಏರಿತು ಅನ್ನಿ. ತೇಗ ಸುಮಾರು 2.7 ಮಿಲಿಮೀಟರ್ ಅಗಲವಾಗುತ್ತೆ. ಓಕ್ ಹತ್ತಿರ ಹತ್ತಿರ 5 ಮಿಲಿಮೀಟರ್. ಉದ್ದದಲ್ಲಿ ಮಾತ್ರ ಯಾವ ಮರವೂ ಲೆಕ್ಕಕ್ಕೆ ಬರುವಷ್ಟು ಬದಲಾಗುವುದಿಲ್ಲ.

ಕಬ್ಬಿಣದ ಚೌಕಟ್ಟು ಇದ್ಯಾವುದಕ್ಕೂ ಜಗ್ಗುವುದಿಲ್ಲ. ಹಲಗೆಯನ್ನು ನಾಲ್ಕೂ ಮೂಲೆಗೆ ಬಿಗಿಯಾಗಿ ಸ್ಕ್ರೂ ಹೊಡೆದರೆ ಒಂದೋ ಹಲಗೆ ಸೀಳುತ್ತೆ, ಇಲ್ಲಾ ಸ್ಕ್ರೂ ಸಡಿಲಾಗಿ ಕಾಲಿಟ್ಟಾಗಲೆಲ್ಲ ಕಿರ್ರ್ ಅನ್ನುತ್ತೆ. ರಾತ್ರಿ ನೀರು ಕುಡಿಯಲು ಇಳಿದರೆ ಮನೆಯವರೆಲ್ಲ ಎದ್ದು ಕೂರುತ್ತಾರೆ.

ಓಕ್ ಕೆಟ್ಟ ಮರ ಅಂತ ನಾನು ಹೇಳುತ್ತಿಲ್ಲ. ತೇಗಕ್ಕಿಂತ ಗಟ್ಟಿ. ಶೂ ಹಾಕಿಕೊಂಡೇ ಮನೆಯೊಳಗೆ ಓಡಾಡುವ ದೇಶಗಳಲ್ಲಿ ಆ ಗಟ್ಟಿತನ ಬೇಕು. ನಾವು ಚಪ್ಪಲಿ ಹೊರಗೆ ಬಿಟ್ಟು ಬರುವವರು, ಬರಿಗಾಲಿಗೆ ತೇಗದ ಗಟ್ಟಿತನ ಧಾರಾಳ ಸಾಕು.

ಬಾವಧನ್_ಗೂಡು (ಪುಣೆ)

ಸರ್, ಹಾಗಾದರೆ ಸ್ಕ್ರೂ ಹೊಡೆಯುವುದು ಹೇಗೆ? ಚೌಕಟ್ಟಿನ ಪಟ್ಟಿಗೆ ದುಂಡು ತೂತು ಕೊರೆದು ಇಟ್ಟಿದ್ದಾನೆ.

ಲೆಕ್ಕದ_ಪುಸ್ತಕ (ಪುಣೆ)

ಮೂಗಿನ ಕಡೆಯ, ಅಂದರೆ ಮುಂದಿನ ಅಂಚಿನ ತೂತು ದುಂಡಗೇ ಇರಲಿ. ಹಿಂದಿನ ತೂತನ್ನು ಉದ್ದುದ್ದ ಮಾಡಿಸಿ, ಹಲಗೆಯ ಅಗಲದ ದಿಕ್ಕಿಗೆ. 5 ಮಿಲಿಮೀಟರ್ ಸ್ಕ್ರೂಗೆ 6 ಅಗಲ, 12 ಉದ್ದ ಇದ್ದರೆ ಸಾಕು. ಸ್ಕ್ರೂ ಕೆಳಗಿನಿಂದ, ವಾಷರ್ ಹಾಕಿ. ಆಗ ಮುಂಭಾಗ ಗಟ್ಟಿ ಹಿಡಿದಿರುತ್ತೆ, ಹಲಗೆ ಹಿಂದಕ್ಕೆ ಸರಿದಾಡಿಕೊಳ್ಳುತ್ತೆ. ಪೇಂಟ್ ಆಗುವ ಮುಂಚೆಯೇ ಫ್ಯಾಬ್ರಿಕೇಟರನ್ನು ವಾಪಸ್ ಕರೆಸಿ.

ಇನ್ನೊಂದು. ಎದುರು ಮುಖ ತೆರೆದಿದೆ ಅಂದಿರಿ. ಎರಡು ಮೆಟ್ಟಿಲಿನ ನಡುವಿನ ಎತ್ತರ ಎಷ್ಟು? ಮನೆಯಲ್ಲಿ ಚಿಕ್ಕ ಮಕ್ಕಳು ಇದ್ದಾರಾ?

ಬಾವಧನ್_ಗೂಡು (ಪುಣೆ)

7 ಇಂಚು. ಮಗಳಿಗೆ ಒಂದೂವರೆ ವರ್ಷ.

ಲೆಕ್ಕದ_ಪುಸ್ತಕ (ಪುಣೆ)

7 ಇಂಚು ಅಂದರೆ 178 ಮಿಲಿಮೀಟರ್. ರಾಷ್ಟ್ರೀಯ ಕಟ್ಟಡ ಸಂಹಿತೆ ಮನೆಗಳಿಗೆ 190ರ ತನಕ ಎತ್ತರ ಒಪ್ಪುತ್ತೆ, ಕಾಲಿಡುವ ಜಾಗ ಕನಿಷ್ಠ 250 ಇರಬೇಕು. ನಿಮ್ಮ 11 ಇಂಚಿನಲ್ಲಿ 1 ಇಂಚು ಮುಂದಕ್ಕೆ ಚಾಚಿದರೂ 254 ಉಳಿಯುತ್ತೆ, ಆ ಲೆಕ್ಕ ಸರಿ ಇದೆ. ಆದರೆ 178ರಲ್ಲಿ ಹಲಗೆಯ ದಪ್ಪ 32 ಕಳೆದರೆ ಸಂದಿ 146 ಮಿಲಿಮೀಟರ್. ಮಕ್ಕಳಿರುವ ಮನೆಯಲ್ಲಿ ಸಂದಿ 100 ದಾಟಬಾರದು ಅಂತ ನಾವು ಇಡುವ ಅಳತೆ. ದೇಹ ತೂರಿ, ತಲೆ ಸಿಕ್ಕಿಕೊಳ್ಳುವ ಅಪಾಯ ಇದೆ. ಪ್ರತಿ ಮೆಟ್ಟಿಲಿನ ಹಿಂಭಾಗದಲ್ಲಿ ಕೆಳಕ್ಕೆ 2 ಇಂಚಿನ ಮರದ ಪಟ್ಟಿ ಕಟ್ಟಿಸಿ. ಗಾಳಿ, ಬೆಳಕು ಹಾಗೇ ಇರುತ್ತೆ, ಸಂದಿ 95ಕ್ಕೆ ಇಳಿಯುತ್ತೆ.

ಕೊಥ್ರೂಡ್_ಅಜ್ಜಿ (ಪುಣೆ)

ಮಗು ತೆವಳಿ ಹತ್ತುವ ವಯಸ್ಸು. ಕೆಳಗೂ ಮೇಲೂ ಗೇಟ್ ಹಾಕಿಸು. ಪಟ್ಟಿಯನ್ನೂ ಕಟ್ಟಿಸು. ಮರ ಯಾವುದಾದರೂ ಹಾಕು, ಕನ್ನಡಿ ಪಾಲಿಶ್ ಮಾತ್ರ ಬೇಡ ನಮ್ಮವ್ವಾ. ನಮ್ಮ ವಯಸ್ಸಿನವರು ಚಳಿಗಾಲದಲ್ಲಿ ಕಾಲುಚೀಲ ಹಾಕಿಕೊಂಡು ಇಳಿಯುತ್ತೇವೆ. ದೀಪ ಹಚ್ಚಿದ ಎಣ್ಣೆ ಕೈಯಿಂದ ಒಂದು ಹನಿ ಬಿದ್ದಿದ್ದರೂ ಆಯಿತು. ನಮ್ಮ ವಾಡಾದ, ಅಂದರೆ ಹಳೇ ಕಾಲದ ದೊಡ್ಡ ಮನೆಯ, ಮೆಟ್ಟಿಲು ಪಾಲಿಶ್ ಕಂಡಿರಲಿಲ್ಲ, ನಡೆದೂ ನಡೆದೂ ನಡುವೆ ಸವೆದಿತ್ತು. ಮೇಲಿಂದ ಹಗ್ಗ ಇಳಿಬಿಟ್ಟಿರುತ್ತಿದ್ದರು, ಅದನ್ನು ಹಿಡಿದು ಹತ್ತುತ್ತಿದ್ದೆವು. ಯಾರೂ ಬಿದ್ದದ್ದು ನೆನಪಿಲ್ಲ.

ಡೊಂಬಿವಲಿ_ಲೋಕಲ್ (ಮುಂಬೈ)

ಅಜ್ಜಿ, ಹಗ್ಗದ ಐಡಿಯಾ ಇಂಟೀರಿಯರ್‌ನವರ ಕಿವಿಗೆ ಬಿದ್ದರೆ ಅದಕ್ಕೂ ಬಿಲ್ ಹಾಕುತ್ತಾರೆ.

ವಾಸ್ಕೋ_ಗದಗ (ಗೋವಾ)

ಆಚಾರ್ರೇ, ಇಲ್ಲಿ ಗೋವಾದಲ್ಲಿ ಮತ್ತಿ ಮರ ಸಾಗವಾನಿಗಿಂತ ಕಡಿಮೆಗೆ ಸಿಗುತ್ತೆ. ಹಳೇ ಮನೆಗಳ ಜಂತಿ ನೋಡಿದರೆ ಅದೇ. ರಾಜ್ಯವೃಕ್ಷದ ಪಟ್ಟ ಕಟ್ಟಿಸಿಕೊಂಡ ಮರ ಬೇರೆ. ಪುಣೆ ಅಕ್ಕ ಅದನ್ನು ಯಾಕೆ ನೋಡಬಾರದು? ನಂದಿ, ಹೊನ್ನೆ ಇವೂ ಇವೆಯಲ್ಲ?

ಫೋಂಡಾ_ಆಚಾರಿ (ಗೋವಾ)

ಮತ್ತಿ ಒಳ್ಳೇ ಮರವೇ. ಮರಾಠಿಯವರು ಐನ್ ಅನ್ನುತ್ತಾರೆ. ತೂಕ, ಗಟ್ಟಿತನ ಎರಡೂ ಜಾಸ್ತಿ. ಜಂತಿಗೆ, ಕಂಬಕ್ಕೆ ಹೇಳಿ ಮಾಡಿಸಿದ್ದು. ತೊಂದರೆ ಒಣಗಿಸುವಾಗ. ಅವಸರ ಮಾಡಿದರೆ ಮೈ ತುಂಬ ಸಣ್ಣ ಸಣ್ಣ ಬಿರುಕು ಬರುತ್ತೆ, ಹಲಗೆ ತಿರುಚಿಕೊಳ್ಳುತ್ತೆ. ದಪ್ಪ ಜಂತಿಯಲ್ಲಿ ಬಿರುಕು ಬಿಟ್ಟರೆ ಯಾರೂ ಕೇಳುವುದಿಲ್ಲ. ಮೆಟ್ಟಿಲಿನಲ್ಲಿ ಬಿಟ್ಟರೆ ಪಾದಕ್ಕೆ ಸಿಬಿರು ಚುಚ್ಚುತ್ತೆ. ನಿಧಾನಕ್ಕೆ ಒಣಗಿಸಿ ಇಟ್ಟವರ ಹತ್ತಿರ ಸಿಕ್ಕರೆ ತೆಗೆದುಕೊಳ್ಳಿ. ಹಾಗೆ ಇಟ್ಟವರು ಈಗ ಬಹಳ ಕಡಿಮೆ.

ಹೊನ್ನೆ ನನಗೆ ಇಷ್ಟದ ಮರ. ಕೆತ್ತಿದಾಗ ಬಂಗಾರದ ಬಣ್ಣ. ಆದರೆ ಒದ್ದೆಯಾದರೆ ಹಳದಿ ಬಣ್ಣ ಬಿಡುತ್ತೆ. ಸಕ್ಕರೆ ಕಾಯಿಲೆಯವರು ಹೊನ್ನೆ ಲೋಟದಲ್ಲಿ ನೀರಿಟ್ಟು ಕುಡಿಯುತ್ತಾರಲ್ಲ, ಆ ನೀರಿನ ಬಣ್ಣ ನೋಡಿದರೆ ಗೊತ್ತಾಗುತ್ತೆ. ಪೋಚಾ ಹೊಡೆಯುವ ಮನೆಯಲ್ಲಿ ಪಕ್ಕದ ಬಿಳಿ ಗೋಡೆಗೆ ಕಲೆ ಹತ್ತುತ್ತೆ. ಆರೂ ಮುಖಕ್ಕೆ ಸರಿಯಾಗಿ ಸೀಲರ್ ಹಾಕಿದರೆ ನಡೆಯುತ್ತೆ.

ನಂದಿ ಮಧ್ಯಮ. ಬೀಟೆ ಬಗ್ಗೆ ಯಾರೂ ಕೇಳಿಲ್ಲ, ಒಳ್ಳೆಯದು. ಅದರ ದರ ಕೇಳಿದರೆ ಮೆಟ್ಟಿಲು ಹತ್ತುವ ಮುಂಚೆಯೇ ಉಸಿರು ಕಟ್ಟುತ್ತೆ.

ಶಿರಸಿ_ಟು_ಮುಲುಂಡ್ (ಮುಂಬೈ)

ನನ್ನದೂ ಇಂಥದೇ ವಿಷಯ, ಇಲ್ಲೇ ಕೇಳಿಬಿಡುತ್ತೇನೆ. ಊರಲ್ಲಿ ನಮ್ಮ ತೋಟದ ಅಂಚಿನ ಹಲಸಿನ ಮರ ಗಾಳಿಗೆ ಬಿದ್ದು ಹಲಗೆ ಕೊಯ್ಸಿ ಅಟ್ಟದ ಮೇಲೆ ಇಟ್ಟಿದ್ದಾರೆ. ಕೆಲವು ವರ್ಷ ಆಯಿತು. ಮುಲುಂಡ್ ಮನೆಯ ಒಳಮೆಟ್ಟಿಲಿಗೆ ತರಬಹುದಾ?

ಫೋಂಡಾ_ಆಚಾರಿ (ಗೋವಾ)

ಅಡಿಗೆ ಒಲೆಯ ಹೊಗೆ ತಾಗುವ ಅಟ್ಟದಲ್ಲಿ ಕೆಲವು ವರ್ಷ ಇದ್ದ ಹಲಸು ಅಂದರೆ ಕಣ್ಣು ಮುಚ್ಚಿ ತನ್ನಿ. ಮೊದಲಿಗೆ ಅರಿಶಿನ ಬಣ್ಣ ಇರುತ್ತೆ, ಬೆಳಕು ತಾಗುತ್ತ ತಾಗುತ್ತ ಕಂದು ಆಗುತ್ತೆ. ಸೋಫಾ ಬಣ್ಣಕ್ಕೆ ಹೊಂದಿಸಲು ಹೋಗಬೇಡಿ, ನಾಲ್ಕು ವರ್ಷಕ್ಕೆ ಮೆಟ್ಟಿಲು ಬೇರೆ ಬಣ್ಣ ಆಗಿರುತ್ತೆ. ತೇಗದಷ್ಟು ಗಟ್ಟಿ ಇಲ್ಲ, ಮನೆಯೊಳಗೆ ಸಾಕು.

ಲೆಕ್ಕದ_ಪುಸ್ತಕ (ಪುಣೆ)

ಕಣ್ಣು ಮುಚ್ಚಿ ತರಬೇಡಿ ಸ್ವಾಮಿ. ರಾಜ್ಯದ ಗಡಿ ದಾಟಿಸುವ ಮೊದಲು ರಹದಾರಿ, ಅಂದರೆ ಸಾಗಣೆ ಪರವಾನಗಿ, ಬೇಕಾ ಅಂತ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಯಾವ ಮರಕ್ಕೆ ಬೇಕು, ಯಾವುದಕ್ಕೆ ಬೇಡ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಖಾಸಗಿ ಜಮೀನಿನ ಮರ ಸಾಗಿಸಲು ಕೇಂದ್ರದ ರಾಷ್ಟ್ರೀಯ ಟ್ರಾನ್ಸಿಟ್ ಪಾಸ್ ವ್ಯವಸ್ಥೆ 2023ರ ಡಿಸೆಂಬರ್‌ನಲ್ಲಿ ಶುರುವಾಗಿದೆ, ಆನ್‌ಲೈನ್ ಅರ್ಜಿ ಹಾಕಬಹುದು. ಕೊಯ್ಸಿದ ಮಿಲ್ಲಿನ ರಸೀದಿ, ಜಮೀನಿನ ಪಹಣಿ ಇಟ್ಟುಕೊಳ್ಳಿ. ಚೆಕ್‌ಪೋಸ್ಟ್‌ನಲ್ಲಿ ಟೆಂಪೋ ನಿಂತರೆ ಹಲಸು, ತೇಗ ಎಲ್ಲ ಒಂದೇ.

ಶಿರಸಿ_ಟು_ಮುಲುಂಡ್ (ಮುಂಬೈ)

ಸರಿ ಸರ್. ಅಣ್ಣನಿಗೆ ಹೇಳಿ ವಿಚಾರಿಸುತ್ತೇನೆ. ಅಂದಹಾಗೆ ಮೆಟ್ಟಿಲಿನ ಸಂಖ್ಯೆ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ಇಂದ್ರ, ಯಮ, ರಾಜ ಅಂತ ಎಣಿಸುತ್ತಾರೆ, ಕೊನೆಯದು ಯಮನಿಗೆ ಬೀಳಬಾರದು. 16 ಅಂದರೆ ಇಂದ್ರ. 17ನೆಯದಾಗಿ ಮೇಲಿನ ನೆಲ ಎಣಿಸಿದರೆ ಯಮ!

ಬಾವಧನ್_ಗೂಡು (ಪುಣೆ)

ಅಯ್ಯೋ, ಇದನ್ನು ಅತ್ತೆಯವರಿಗೆ ಹೇಳಬೇಡಿ. ನಮ್ಮ ಮನೆಯಲ್ಲಿ ನೆಲ ಎಣಿಸುವುದಿಲ್ಲ ಅಂತ ಇವತ್ತೇ ತೀರ್ಮಾನ ಆಯಿತು.

ಈಗ ನಿಜವಾದ ಪ್ರಶ್ನೆ. ಟಿಂಬರ್ ಮಾರ್ಕೆಟ್‌ನಲ್ಲಿ ಫೋನ್ ಮಾಡಿ ಕೇಳಿದೆ. ಬಲ್ಲಾರ್‌ಶಾ, ಬರ್ಮಾ, ಘಾನಾ, ಆಫ್ರಿಕನ್ ಟೀಕ್, ಇನ್ನೂ ಏನೇನೋ ಹೆಸರು. ಒಂದಕ್ಕೂ ಇನ್ನೊಂದಕ್ಕೂ ದರದಲ್ಲಿ ಅಜಗಜಾಂತರ. ಎಲ್ಲವೂ ಸಾಗವಾನಿಯೇನಾ?

ಫೋಂಡಾ_ಆಚಾರಿ (ಗೋವಾ)

ಬಲ್ಲಾರ್‌ಶಾ ಅಂದರೆ ಚಂದ್ರಪುರ ಜಿಲ್ಲೆಯ ಕಾಡಿನ ತೇಗ. ನಮ್ಮ ದಾಂಡೇಲಿ ತೇಗಕ್ಕೆ ನಮ್ಮ ಕಡೆ ಇರುವ ಮರ್ಯಾದೆ ಅದಕ್ಕೆ ಮಹಾರಾಷ್ಟ್ರದಲ್ಲಿ ಇದೆ. ಅಯೋಧ್ಯೆ ಗುಡಿಯ ಬಾಗಿಲಿಗೂ ಅಲ್ಲಿಂದ ಹೋಯಿತು. ಬರ್ಮಾ ಹಳೇ ಕಾಲದ ಹೆಸರು, ಈಗ ಆ ಹೆಸರಲ್ಲಿ ಏನು ಬೇಕಾದರೂ ಮಾರುತ್ತಾರೆ.

ಘಾನಾದ್ದೂ ತೇಗವೇ. ಮೂಲ ನಮ್ಮ ಏಷ್ಯಾದ ಮರ, ಅಲ್ಲಿ ನೆಡುತೋಪು ಮಾಡಿ ಬೆಳೆಸಿದ್ದಾರೆ. ನೈಜೀರಿಯಾ, ಈಕ್ವೆಡಾರ್, ಕೋಸ್ಟರಿಕಾ ಇವೂ ಹಾಗೇ. ಎಳೇ ವಯಸ್ಸಿಗೆ ಕಡಿಯುವುದರಿಂದ ಚೇಗು ಸಣ್ಣದು, ಬಿಳಿ ಭಾಗ ಜಾಸ್ತಿ, ಗಂಟು ಜಾಸ್ತಿ. ಆರಿಸಿ ತೆಗೆದುಕೊಂಡರೆ ಮೋಸ ಇಲ್ಲ.

ಆಫ್ರಿಕನ್ ಟೀಕ್ ಅಂತ ಮಾರುವುದು ಮಾತ್ರ ಸಾಮಾನ್ಯವಾಗಿ ಬೇರೆಯೇ ಮರ, ಇರೊಕೊ ಅಂತ. ಮರ ಕೆಟ್ಟದ್ದಲ್ಲ, ಆದರೆ ತೇಗದ ದರ ಕೊಡಬೇಡಿ. ಬ್ರೆಜಿಲಿಯನ್ ಟೀಕ್ ಅನ್ನುವುದೂ ತೇಗದ ಕುಲದ್ದಲ್ಲ.

ಗುರುತು ಹಿಡಿಯುವುದು ಹೀಗೆ. ಒಂದು ತುಂಡಿನ ತುದಿಗೆ ಹೊಸದಾಗಿ ರಂಧಾ ಹೊಡೆಸಿ, ಅಂದರೆ ಕೀಸುಳಿಯಲ್ಲಿ ಹೆರೆಸಿ, ಬೆರಳಲ್ಲಿ ಉಜ್ಜಿ. ತೇಗ ಸ್ವಲ್ಪ ಜಿಡ್ಡು ಜಿಡ್ಡು. ಮೂಸಿದರೆ ಹಳೇ ಚರ್ಮದ ವಾಸನೆ. ಬಣ್ಣ ನೋಡಿ ಮೋಸ ಹೋಗಬೇಡಿ. ಕೊಯ್ದ ತಕ್ಷಣ ತೇಗದಲ್ಲಿ ಹಸಿರು, ಕಂದು ಪಟ್ಟೆ ಪಟ್ಟೆ ಇರುತ್ತೆ, ಬಿಸಿಲು ಕಂಡ ಮೇಲೆ ಒಂದಾಗುತ್ತೆ.

ಡೊಂಬಿವಲಿ_ಲೋಕಲ್ (ಮುಂಬೈ)

ಹಳೇ ಮರ ಯಾಕೆ ಬೇಡ? ಇಲ್ಲಿ ಓಶಿವರಾದಲ್ಲಿ, ಅಲ್ಲಿ ನಿಮ್ಮ ಪೇಠೆಗಳಲ್ಲಿ ವಾಡಾ ಕೆಡವಿದ ಜಂತಿ, ಕಂಬ ಸಿಗುತ್ತೆ. ತಲೆತಲಾಂತರದಿಂದ ಒಣಗಿದ ಮರ. ಪೇಶ್ವೆಗಳ ಶನಿವಾರವಾಡಾಕ್ಕೇ ಜುನ್ನರ್ ಕಾಡಿನ ಸಾಗವಾನಿ ತಂದಿದ್ದರಂತಲ್ಲ.

ಲೆಕ್ಕದ_ಪುಸ್ತಕ (ಪುಣೆ)

ತಂದಿದ್ದರು, 1828ರಲ್ಲಿ ಬೆಂಕಿ ಬಿದ್ದು ದಿನಗಟ್ಟಲೆ ಉರಿಯಿತು. ಕಲ್ಲಿನ ಕೋಟೆ ಗೋಡೆ, ಬಾಗಿಲು ಉಳಿದವು. ಹೆದರಿಸಲು ಹೇಳುತ್ತಿಲ್ಲ. ಮೆಟ್ಟಿಲಿನ ಕೆಳಗಿನ ಜಾಗದಲ್ಲಿ ಇನ್ವರ್ಟರ್ ಬ್ಯಾಟರಿ, ಹಳೇ ಪೇಪರ್, ಗ್ಯಾಸ್ ಸಿಲಿಂಡರ್ ತುಂಬುವ ಅಭ್ಯಾಸ ನಮ್ಮವರಿಗೆಲ್ಲ ಇದೆ. ಹೊರಗೆ ಹೋಗುವ ದಾರಿಯೇ ಆ ಮೆಟ್ಟಿಲು. ಅಲ್ಲಿ ಶೂ ರ‍್ಯಾಕ್ ಇಡಿ, ಬ್ಯಾಟರಿ ಬೇರೆ ಕಡೆ ಇಡಿ.

ಹಳೇ ಮರದ ವಿಷಯಕ್ಕೆ ಪೂರ್ತಿ ಒಪ್ಪುತ್ತೇನೆ. ಒಣಗಿನ ಚಿಂತೆಯೇ ಇಲ್ಲ. ಆದರೆ ಜಂತಿಯೊಳಗೆ ಮೊಳೆ ಮುರಿದುಕೊಂಡು ಕೂತಿರುತ್ತೆ. ಮಿಲ್ಲಿನವನ ಬ್ಲೇಡ್ ಹೋದರೆ ದುಡ್ಡು ನಿಮ್ಮ ತಲೆಗೆ. ಎಷ್ಟೋ ಮಿಲ್ಲಿನವರು ಹಳೇ ಮರ ಮುಟ್ಟುವುದೇ ಇಲ್ಲ. ಕೊಯ್ದ ಮೇಲೆ ತೂತು, ಗೂಟದ ಗುರುತು ಕಳೆದು ಎಷ್ಟು ಉಳಿಯುತ್ತೆ ಅನ್ನುವುದು ಅದೃಷ್ಟ.

ಎಷ್ಟು ಮರ ಬೇಕು ಅನ್ನುವ ಲೆಕ್ಕ: 3 ಅಡಿ ಉದ್ದ, 11 ಇಂಚು ಅಗಲ, ಒಂದೂವರೆ ಇಂಚು ದಪ್ಪ ಅಂದರೆ ಒಂದು ಮೆಟ್ಟಿಲಿಗೆ 0.34 ಘನ ಅಡಿ. 16ಕ್ಕೆ ಐದೂವರೆ. ಹಿಂದಿನ ಪಟ್ಟಿ, ಕೊಯ್ತ, ಬಿಳಿ ಭಾಗ ಬಿಸಾಡುವುದು ಎಲ್ಲ ಸೇರಿ 7ರ ಮೇಲೆ ಹಿಡಿಯಿರಿ. ಒಂದೂವರೆ ಇಂಚಿನ ಹಲಗೆ ರಂಧಾ ಹೊಡೆದ ಮೇಲೆ ಒಂದೂಕಾಲು, ಅಂದರೆ 32 ಮಿಲಿಮೀಟರ್ ಉಳಿಯುತ್ತೆ. 3 ಅಡಿಗೆ ಅಷ್ಟು ಸಾಕು. ಅಂಗಡಿಯವನು ಒಂದೂವರೆಗೇ ದುಡ್ಡು ತೆಗೆದುಕೊಳ್ಳುತ್ತಾನೆ, ಅದು ರೂಢಿ, ಜಗಳ ಆಡಬೇಡಿ.

11 ಇಂಚಿನ ಒಂದೇ ಹಲಗೆ ಬೇಕು ಅಂತ ಹಟ ಹಿಡಿಯಬೇಡಿ. ಅಗಲ ಹೆಚ್ಚಿದಷ್ಟೂ ದರ ಏರುತ್ತೆ, ಬಾಗುವುದೂ ಹೆಚ್ಚು. ನಾಲ್ಕಿಂಚಿನ ಒಳಗಿನ ಮೂರು ಪಟ್ಟಿ ಅಂಟಿಸಿ ಮಾಡಿಸಿ.

ಫೋಂಡಾ_ಆಚಾರಿ (ಗೋವಾ)

ಸರ್ ಹೇಳಿದ್ದು ಸರಿ. ಅಂಟಿಸುವ ಮುಂಚೆ ಪಟ್ಟಿಯ ಅಂಚನ್ನು ಥಿನ್ನರ್ ಬಟ್ಟೆಯಲ್ಲಿ ಒರೆಸಲು ಹೇಳಿ. ತೇಗದ ಎಣ್ಣೆ ಮೇಲೆ ಫೆವಿಕಾಲ್ ಕೂರುವುದಿಲ್ಲ. ಒರೆಸಿದ ಸ್ವಲ್ಪ ಹೊತ್ತಿಗೇ ಅಂಟಿಸಬೇಕು. ಆಮೇಲೆ ಪಟ್ಟಿಯ ತುದಿಯಲ್ಲಿ ಬಿಲ್ಲಿನಂಥ ಗೆರೆ ಕಾಣುತ್ತೆ ನೋಡಿ, ಒಂದರ ಬಿಲ್ಲು ಮೇಲಕ್ಕೆ, ಪಕ್ಕದ್ದರ ಬಿಲ್ಲು ಕೆಳಕ್ಕೆ ಜೋಡಿಸಬೇಕು. ಮರ ಒಣಗುವಾಗ ಆ ಬಿಲ್ಲು ನೆಟ್ಟಗಾಗಲು ನೋಡುತ್ತೆ. ಒಂದು ಅತ್ತ ಎಳೆದರೆ ಇನ್ನೊಂದು ಇತ್ತ ಎಳೆಯುತ್ತೆ, ಒಟ್ಟು ಹಲಗೆ ಸಮ ನಿಲ್ಲುತ್ತೆ.

ಬಾವಧನ್_ಗೂಡು (ಪುಣೆ)

ಮಾರ್ಕೆಟ್‌ಗೆ ಹೋಗಿ ಬಂದೆ. ಭವಾನಿ ಪೇಠೆಯ ಟಿಂಬರ್ ಮಾರ್ಕೆಟ್ ಅಂದರೆ ಏನು ಗಲಾಟೆ! ನನ್ನ ಕೈಯಲ್ಲಿ ಆನ್‌ಲೈನ್‌ನಲ್ಲಿ ತರಿಸಿದ ಮರದ ತೇವ ಅಳೆಯುವ ಚಿಕ್ಕ ಮಾಯಿಶ್ಚರ್ ಮೀಟರ್ ಇತ್ತು, ಎರಡು ಸೂಜಿ ಚುಚ್ಚುವಂಥದ್ದು. ಅದನ್ನು ನೋಡಿದ ಕೂಡಲೇ ಮೊದಲ ಅಂಗಡಿಯವನು ಟೀ ಹೇಳುವುದನ್ನೇ ನಿಲ್ಲಿಸಿದ.

ಬಲ್ಲಾರ್‌ಶಾ ಅಂತ ತೋರಿಸಿದ ಹಲಗೆ ನೋಡಲು ಅದ್ಭುತ. ಗೆರೆ ನೇರ, ಬಿಳಿ ಭಾಗ ಇಲ್ಲವೇ ಇಲ್ಲ. ಮೀಟರ್ 21 ಶೇಕಡಾ ತೋರಿಸಿತು. ಅದೇ ಹಲಗೆಯ ಇನ್ನೊಂದು ತುದಿ 19. ಮಳೆಗಾಲ ಅಲ್ವಾ ಮೇಡಂ, ಗಾಳಿಯ ತೇವ ಅಷ್ಟೇ ಅಂದ. ಎರಡು ಅಂಗಡಿ ಆಚೆ ಘಾನಾದ್ದು, ಭಟ್ಟಿಯಲ್ಲಿ ಒಣಗಿಸಿ ಒಳಗೆ ಗೋದಾಮಿನಲ್ಲಿ ಜೋಡಿಸಿಟ್ಟಿದ್ದರು. ಅದು 11, 12. ಇದೂ ಇದೇ ಮಳೆಗಾಲದ ಮರವೇ ಅಲ್ವಾ?

ಆದರೆ ಘಾನಾದ್ದರಲ್ಲಿ ಮೂರರಲ್ಲಿ ಒಂದು ಹಲಗೆಗೆ ಅಂಚಿನಲ್ಲಿ ಬಿಳಿ ಪಟ್ಟೆ ಇದೆ. ಆರಿಸಿ ಕೊಡುತ್ತೇನೆ, ದರ ಸ್ವಲ್ಪ ಜಾಸ್ತಿ ಅನ್ನುತ್ತಾನೆ. ಏನು ಮಾಡಲಿ?

ಲೆಕ್ಕದ_ಪುಸ್ತಕ (ಪುಣೆ)

ಮೀಟರ್ ಮೇಲ್ಮೈ ಮಾತ್ರ ಓದುತ್ತೆ. ಒಂದು ತುಂಡಿನ ನಡುವೆ ಕತ್ತರಿಸಿಸಿ, ಹೊಸ ಮುಖಕ್ಕೆ ಚುಚ್ಚಿ ನೋಡಿ. ಅನುಮಾನ ಇದ್ದರೆ ಅಡಿಗೆಮನೆ ತಕ್ಕಡಿಯಲ್ಲೇ ಪರೀಕ್ಷೆ ಮಾಡಬಹುದು. ಚಿಕ್ಕ ತುಂಡು ತೂಗಿ, ಓವನ್‌ನಲ್ಲಿ 100 ಡಿಗ್ರಿ ಸ್ವಲ್ಪ ದಾಟಿಸಿ ಇಡಿ. ತೂಕ ಇಳಿಯುವುದು ನಿಲ್ಲುವ ತನಕ ಆಗಾಗ ತೂಗಿ. 112 ಗ್ರಾಂ ಇದ್ದದ್ದು 100ಕ್ಕೆ ನಿಂತರೆ ತೇವ 12 ಶೇಕಡಾ. ಅಷ್ಟಿದ್ದರೆ ಪುಣೆಗೆ ಹೊಂದುತ್ತೆ.

ನಾನಾದರೆ 12ರ ಘಾನಾ ತೆಗೆದುಕೊಳ್ಳುತ್ತೇನೆ. ಬಲ್ಲಾರ್‌ಶಾ ಹಲಗೆಗೆ ಈಗ ದುಡ್ಡು ಕೊಟ್ಟು, ಮುಂದಿನ ಬೇಸಿಗೆ ತನಕ ಹಲಗೆಗಳ ನಡುವೆ ಗಾಳಿಯಾಡಲು ಅಡ್ಡಪಟ್ಟಿ ಇಟ್ಟು ನೆರಳಲ್ಲಿ ಜೋಡಿಸಿ ಒಣಗಿಸುವ ತಾಳ್ಮೆ ಇದ್ದರೆ ಅದರ ಎದುರು ಯಾವುದೂ ಇಲ್ಲ. ನಿಮಗೆ ಪಾಡ್ಯದ ಮುಹೂರ್ತ ಇದೆ.

ಫೋಂಡಾ_ಆಚಾರಿ (ಗೋವಾ)

ಆರಿಸಿ ತೆಗೆದುಕೊಳ್ಳಿ ಅಕ್ಕ, ಹೆಚ್ಚು ದರ ಕೊಟ್ಟರೂ ಪರವಾಗಿಲ್ಲ. ಎಲ್ಲೋ ಒಂದೆರಡರಲ್ಲಿ ಬೆರಳಗಲ ಬಿಳಿ ಬಂದರೆ ಅದನ್ನು ಹಿಂದಿನ ಅಂಚಿಗೆ ಹಾಕಿಸಿ ಬೋರಾನ್ ಔಷಧಿ ಹಚ್ಚಿಸಿ. ಮುಂದಿನ ಅಂಚಿಗೆ ಮಾತ್ರ ಬಿಳಿ ಬರಲೇಬಾರದು. ಸವೆಯುವುದು ಅಲ್ಲೇ.

ಬಾವಧನ್_ಗೂಡು (ಪುಣೆ)

ಕತ್ತರಿಸಿದ ಮುಖವೂ 12 ತೋರಿಸಿತು. ಘಾನಾದ್ದೇ ತೆಗೆದುಕೊಂಡೆ. ಮಾವನವರಿಗೆ ಫೋನ್ ಮಾಡಿ ಸಾಗವಾನಿನೇ ಹಾಕಿಸುತ್ತಿದ್ದೇವೆ, ಘಾನಾದ್ದು ಅಂದೆ. ಅದು ಯಾವ ತಾಲ್ಲೂಕು ಅಂತ ಕೇಳಿದರು. ಬಂದು ನೋಡಿ ಅಂತ ಹೇಳಿದ್ದೇನೆ.

ಈಗ ಪಾಲಿಶ್ ವಿಷಯ. ಸುತಾರ ಪಿಯು (ಪಾಲಿಯುರೆಥೇನ್) ಗ್ಲಾಸಿ, ಅಂದರೆ ಹೊಳೆಯುವಂಥದ್ದು, ಅನ್ನುತ್ತಾನೆ, ಅಜ್ಜಿ ಬೇಡ ಅಂದಿದ್ದಾರೆ.

ಕೊಥ್ರೂಡ್_ಅಜ್ಜಿ (ಪುಣೆ)

ಬೇಡ ಅಂದರೆ ಬೇಡ.

ಫೋಂಡಾ_ಆಚಾರಿ (ಗೋವಾ)

ಪಿಯು ಹಾಕಿಸಿ, ಮ್ಯಾಟ್ ಹಾಕಿಸಿ. ನೀರಿಗೆ ತಡೆಯುತ್ತೆ, ಅಷ್ಟು ಜಾರುವುದಿಲ್ಲ. ಮುಂದಿನ ಅಂಚಿನಿಂದ ಒಂದಿಂಚು ಒಳಗೆ ಎರಡು ಸಣ್ಣ ಗಾಡಿ, ಅಂದರೆ ಕೊರೆದ ಗೆರೆ, ಉದ್ದಕ್ಕೂ ಹೊಡೆಸಿ, ಕಾಲಿಗೆ ಹಿಡಿತ ಸಿಗುತ್ತೆ. ನಮ್ಮ ಊರ ಕಡೆ ಹಳಬರು ಗೇರೆಣ್ಣೆ ಹಚ್ಚುತ್ತಿದ್ದರು, ಗೆದ್ದಲಿಗೆ ಬಹಳ ಒಳ್ಳೆಯದು. ಆದರೆ ಮೈಗೆ ತಾಗಿದರೆ ಸುಡುತ್ತೆ, ಕಪ್ಪಾಗುತ್ತೆ, ಮಗು ಇರುವ ಮನೆಗೆ ಬೇಡ.

ಮುಖ್ಯ ಮಾತು ಇದು. ಕೂರಿಸುವ ಮುಂಚೆಯೇ ಆರೂ ಮುಖಕ್ಕೆ ಸೀಲರ್ ಆಗಬೇಕು. ಕೆಳಮುಖ ಯಾರು ನೋಡುತ್ತಾರೆ ಅಂತ ಬಿಟ್ಟುಬಿಡುತ್ತಾರೆ. ಆಗ ಮೇಲಿನಿಂದ ತೇವ ಹೋಗುವುದಿಲ್ಲ, ಕೆಳಗಿನಿಂದ ಹೋಗುತ್ತೆ, ಹಲಗೆ ದೋಣಿ ಆಗುತ್ತೆ. ಹಲಗೆ ಮನೆಗೆ ಬಂದ ಮೇಲೆ ಎರಡು ಮೂರು ವಾರ ಅದೇ ಹಾಲ್‌ನಲ್ಲಿ ಅಡ್ಡಪಟ್ಟಿ ಇಟ್ಟು ಜೋಡಿಸಿಡಿ. ಗೋಡೆ ಪೇಂಟ್ ಒಣಗುವ ತನಕ ತರಿಸಲೇಬೇಡಿ.

ಬಾವಧನ್_ಗೂಡು (ಪುಣೆ)

ಕೊನೇ ಪ್ರಶ್ನೆ, ಆಚಾರ್ರೇ. ಸ್ಕ್ರೂ ಎಷ್ಟು ಉದ್ದದ್ದು? ಚೌಕಟ್ಟಿನ ಪಟ್ಟಿ 5 ಮಿಲಿಮೀಟರ್ ದಪ್ಪ. ಸುತಾರ ಎರಡಿಂಚಿನ ಪ್ಯಾಕೆಟ್ ತಂದಿಟ್ಟಿದ್ದಾನೆ.

ಫೋಂಡಾ_ಆಚಾರಿ (ಗೋವಾ)

ಎರಡಿಂಚಿನದು ಹೊಡೆದರೆ ಹಲಗೆ ದಾಟಿ ಮೇಲೆ ಬಂದು ಪಾದಕ್ಕೆ ಚುಚ್ಚುತ್ತೆ! ವಾಪಸ್ ಕೊಡಿಸಿ. ಒಂದೂಕಾಲು ಇಂಚಿನದು ತರಿಸಿ, ಸ್ಟೇನ್‌ಲೆಸ್ ಸ್ಟೀಲ್. ಪಟ್ಟಿ, ವಾಷರ್ ಕಳೆದು ಮರದೊಳಗೆ ಒಂದಿಂಚು ಹೋಗುತ್ತೆ, ಮೇಲೆ ಕಾಲಿಂಚು ಉಳಿಯುತ್ತೆ. ಮೊದಲು ಸಣ್ಣ ಡ್ರಿಲ್‌ನಲ್ಲಿ ತೂತು ಕೊರೆದು ಆಮೇಲೆ ತಿರುಗಿಸಲು ಹೇಳಿ. ಹಿಂದಿನ ಸಾಲಿನ ಸ್ಕ್ರೂ ಮಾತ್ರ ಪೂರ್ತಿ ಬಿಗಿ ಮಾಡಿ ಅರ್ಧ ಸುತ್ತು ವಾಪಸ್ ಬಿಡಬೇಕು.